ಡಬ್ಬಿ ಮೇಲಿನ ವಿಳಾಸ

"ಏನ್ಲಾ, ಡಬ್ಬಿ ಮ್ಯಾಲಿರೋ ವಿಳಾಸ ಹಾಕುದ್ರೆ ಏನೂ ಬತ್ತಿಲ್ವಂತೆ?" ಮಾವ ಫೋನ್ ಮಾಡಿದಾಗ ನಾನು ತಾಲೂಕು ಕಚೇರಿ ಮುಂದೆ ಧರಣಿಯ ಫೋಟೊ ತೆಗೆಯುತ್ತಿದ್ದೆ.

ಮಂಡ್ಯ ಹತ್ತಿರದ ಅವರ ಆಲೆಮನೆಗೆ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಪುಕ್ಕಟೆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಅಂಥ ಸೈಟುಗಳೆಲ್ಲ 2024ರ ಮಾರ್ಚ್‌ನಲ್ಲಿ ನಿಂತವು. ಜೂನ್ 10ರವರೆಗೆ ಆ ವಿಳಾಸ ಹಾಕಿದವರು ಪ್ರೊಫೈಲ್‌ಗಾದರೂ ಹೋಗುತ್ತಿದ್ದರು, ಆಮೇಲೆ ಅದೂ ಇಲ್ಲ. ಮೊದಲೇ ತಿಳಿಸಿದ್ದ ಮೇಲ್ ನನ್ನ ಇನ್‌ಬಾಕ್ಸ್‌ನಲ್ಲೇ ಬಿದ್ದಿತ್ತು, ನಾನು ಓದಿರಲಿಲ್ಲ. ಮಾವನ ಅಟ್ಟದ ತುಂಬ ಅದೇ ವಿಳಾಸ ಅಚ್ಚಾದ ಖಾಲಿ ಡಬ್ಬಿಗಳು.

ಈಗ ದುಡ್ಡು ಕೊಟ್ಟು ಸ್ವಂತ ಡೊಮೇನ್ ಹೆಸರು ತಗೊಂಡಿದ್ದೇವೆ. ಅವಧಿ ಮುಗಿಯುವ ಮುಂಚೆ ನವೀಕರಿಸುತ್ತಿದ್ದರೆ, ಸೈಟನ್ನು ಎಲ್ಲಿಗೆ ಸಾಗಿಸಿದರೂ ವಿಳಾಸ ಅದೇ ಇರುತ್ತದೆ. ಹಳೆಯದರಲ್ಲಿ ಬೆಲೆ, ತೂಕ ಎಲ್ಲವೂ ಒಂದು ಪೋಸ್ಟರ್ ಚಿತ್ರದೊಳಗಿತ್ತು (ಅದೂ ನನ್ನದೇ ಜಾಣತನ). ಈ ಸಲ ಅಕ್ಷರದಲ್ಲೇ ಬರೆದೆ: ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಬೆಲ್ಲದ ಪುಡಿ. ಹುಡುಕುವವರು ಟೈಪ್ ಮಾಡುವುದು ಅವೇ ಮಾತುಗಳನ್ನು. ಗೂಗಲ್ ಈಗ ಸೈಟಿನ ಮೊಬೈಲ್ ರೂಪವನ್ನೇ ನೋಡಿ ಪಟ್ಟಿಗೆ ಸೇರಿಸುವುದರಿಂದ, ಮಾವನ ಗಾಜು ಒಡೆದ ಫೋನಿನಲ್ಲೇ ತೆರೆದು ನೋಡಿದೆ. ಸರಿಯಾಗಿ ಕಾಣಿಸಿತು.

ಅತ್ತೆ ಹಳೇ ಡಬ್ಬಿಗಳ ಮೇಲೆ ಹೊಸ ಚೀಟಿ ಅಂಟಿಸುತ್ತಿದ್ದಾರೆ. 400 ಮುಗಿದಿವೆ, ಇನ್ನೂ ಅರ್ಧ ಅಟ್ಟ ಬಾಕಿ.