ಹಡಗಿನ ಬಲಬದಿ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಅಪೇಕ್ಷಿಸಿದಾಗ, ಗುರುಗಳ ಗುಣಗಾನವನ್ನೂ ಬಾಲ್ಯದ ಸವಿನೆನಪುಗಳನ್ನೂ ಬರೆಯಲು ನನಗಿಂತ ಸಮರ್ಥರು ಅನೇಕರಿದ್ದಾರೆಂದು ತೋರಿತು. ಎರಡು ದಶಕಗಳಿಗೂ ಮಿಕ್ಕಿ ಸರಕು ಹಡಗುಗಳಲ್ಲಿ ದುಡಿದವನು ನಾನು. ಆದುದರಿಂದ ನನ್ನ ವೃತ್ತಿಯಿಂದಲೇ ಒಂದು ಪ್ರಶ್ನೆಯನ್ನು ಆಯ್ದುಕೊಂಡಿದ್ದೇನೆ. ಯಂತ್ರಚಾಲಿತ ಸಣ್ಣ ದೋಣಿಗಳಲ್ಲಿ ಚಾಲಕನ ಆಸನವೂ ಚಕ್ರವೂ ಸಾಮಾನ್ಯವಾಗಿ ಬಲಬದಿಯಲ್ಲಿಯೇ ಇರುವುದೇಕೆ? ರಸ್ತೆಯ ವಾಹನಗಳಲ್ಲಿ ಈ ಬದಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದವನ ಕಾರಿನ ಚಕ್ರ ಎಡಕ್ಕಿದ್ದರೆ, ಅವನದೇ ದೋಣಿಯ ಚಕ್ರ ಹೆಚ್ಚಾಗಿ ಬಲಕ್ಕಿರುತ್ತದೆ.

ಉತ್ತರವು ಯಂತ್ರದಿಂದಲ್ಲ, ಮನುಷ್ಯನ ಕೈಯಿಂದ ಆರಂಭವಾಗುತ್ತದೆ. ಹಡಗಿನ ಹಿಂಭಾಗದ ನಡುವೆ ಚುಕ್ಕಾಣಿಯನ್ನು ತೂಗುಹಾಕುವ ಕ್ರಮ ಬರುವುದಕ್ಕೆ ಮುಂಚೆ, ಉತ್ತರ ಯುರೋಪಿನ ನಾವಿಕರು ಅಗಲವಾದ ಅಲಗುಳ್ಳ ದೊಡ್ಡ ಹುಟ್ಟೊಂದನ್ನು ಹಿಂಬದಿಯ ಬಲಪಾರ್ಶ್ವಕ್ಕೆ ಬಿಗಿದು, ಅದರಿಂದ ನಾವೆಯನ್ನು ತಿರುಗಿಸುತ್ತಿದ್ದರು. ಜನರಲ್ಲಿ ಬಹುಪಾಲು ಬಲಗೈಯವರು. ಹುಟ್ಟು ಬಲಕ್ಕೆ ಬಂದುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಹಡಗು ನಾರ್ವೆಯ ಓಸ್ಲೋ ಬಂದರಿನಲ್ಲಿ ತಂಗಿದ್ದಾಗ, 1880ರಲ್ಲಿ ಗೋಕ್‌ಸ್ಟಾಡ್ ಎಂಬಲ್ಲಿಯ ದಿಬ್ಬವೊಂದನ್ನು ಅಗೆದು ತೆಗೆದ ವೈಕಿಂಗ್ ನಾವೆಯನ್ನು ವಸ್ತುಸಂಗ್ರಹಾಲಯದಲ್ಲಿ ಕಾಣುವ ಸುಯೋಗ ನನಗೆ ಒದಗಿತ್ತು. ಒಂಬತ್ತನೆಯ ಶತಮಾನದ ಅಂತ್ಯದ್ದೆನ್ನಲಾದ, ಸುಮಾರು 23 ಮೀಟರ್ ಉದ್ದದ ಆ ನಾವೆಗೆ 32 ಹುಟ್ಟುಗಳು. ಅವುಗಳಿಂದ ಬೇರೆಯಾಗಿ, ಹಿಂಭಾಗದ ಬಲಪಾರ್ಶ್ವದಲ್ಲಿ ದಿಕ್ಕು ತಿರುಗಿಸುವ ಹುಟ್ಟು ನಿಂತಿತ್ತು.

ಇಂಗ್ಲಿಷ್ ನಾವಿಕರು ಹಡಗಿನ ಬಲಬದಿಗೆ 'ಸ್ಟಾರ್‌ಬೋರ್ಡ್' ಎನ್ನುತ್ತಾರೆ. ಈ ಪದಕ್ಕೂ ಆಕಾಶದ ನಕ್ಷತ್ರಕ್ಕೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಸ್ಟೇಯೋರ್' ಎಂದರೆ ನಡೆಸುವುದು, 'ಬೋರ್ಡ್' ಎಂದರೆ ನಾವೆಯ ಬದಿ. ನಡೆಸುವ ಬದಿಯೇ ಸ್ಟಾರ್‌ಬೋರ್ಡ್. ಬಲಕ್ಕೆ ಹುಟ್ಟು ಇದ್ದುದರಿಂದ ಅದು ಜಜ್ಜಿಹೋಗದಂತೆ ಎಡಬದಿಯನ್ನೇ ಧಕ್ಕೆಗೆ ತಾಗಿಸಿ ಸರಕು ಏರಿಸುತ್ತಿದ್ದರು. ಎಡಬದಿಗೆ ಮೊದಲಿದ್ದ ಹೆಸರು 'ಲಾರ್‌ಬೋರ್ಡ್'. ಗಾಳಿಯ ಅಬ್ಬರದಲ್ಲಿ ಎರಡು ಪದಗಳೂ ಒಂದೇ ಬಗೆಯಾಗಿ ಕೇಳಿಸುವುದು ಅಪಾಯಕರವಾಗಿತ್ತು. ಬ್ರಿಟಿಷ್ ನೌಕಾಪಡೆಯು 1844ರಲ್ಲಿ ಅದನ್ನು ಕೈಬಿಟ್ಟು 'ಪೋರ್ಟ್' ಎಂಬ ಪದವನ್ನೇ ನಿಯಮವಾಗಿಸಿತು. ಮುಖ ತಿರುಗಿಸಿದರೆ ನಮ್ಮ ಎಡಬಲಗಳು ಅದಲುಬದಲಾಗುತ್ತವೆ. ಹಡಗಿನ ಬಲವಾದರೋ, ನೀವು ಎತ್ತ ಮುಖಮಾಡಿ ನಿಂತರೂ ಹಡಗಿನದೇ ಬಲ.

ಪದದ ಅರ್ಥದಲ್ಲಿ ಎಲ್ಲರೂ ಒಂದಾಗುವುದು ಎಷ್ಟು ಮುಖ್ಯವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1912ರ ಏಪ್ರಿಲ್ 14ರ ರಾತ್ರಿ ಹಿಮಗಡ್ಡೆಯನ್ನು ಕಂಡಾಗ ಟೈಟಾನಿಕ್ ಹಡಗಿನ ಅಧಿಕಾರಿಯು ಕೊಟ್ಟ ಆಜ್ಞೆ 'ಸ್ಟಾರ್‌ಬೋರ್ಡ್' ಎಂಬುದು. ಆದರೆ ಹಡಗು ತಿರುಗಿದ್ದು ಎಡಕ್ಕೆ. ಇದು ತಪ್ಪಲ್ಲ, ಅಂದಿನ ರೂಢಿ. ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ದೂಡಿದರೆ ನಾವೆ ಎಡಕ್ಕೆ ಹೊರಳುತ್ತದೆ. ಹಿಡಿಯ ಬದಲು ಚಕ್ರ ಬಂದ ಮೇಲೂ ಆಜ್ಞೆಗಳು ಹಿಡಿಯ ಭಾಷೆಯಲ್ಲಿಯೇ ಉಳಿದಿದ್ದವು. 1929ರ ಲಂಡನ್ ಸಮಾವೇಶದ ತರುವಾಯ, 1930ರ ದಶಕದಲ್ಲಿ, ಬಲವೆಂದರೆ ಹಡಗೇ ಬಲಕ್ಕೆ ತಿರುಗಬೇಕೆಂಬ ನಿಯಮ ನೆಲೆಗೊಂಡಿತು.

ಹಿಂಭಾಗದ ನಡುವಿನ ಚುಕ್ಕಾಣಿಯಾದರೋ ಎಷ್ಟೋ ಹಿಂದೆಯೇ ಬಂದಿತ್ತು. ಚೀನಾದಲ್ಲಿ ಹಾನ್ ವಂಶದ ಕಾಲದ ಮಣ್ಣಿನ ಹಡಗಿನ ಮಾದರಿಯಲ್ಲಿಯೇ ಅದು ಕಾಣುತ್ತದೆ. ಯುರೋಪಿನಲ್ಲಿ 1242ರ ಎಲ್ಬಿಂಗ್ ನಗರದ ಮುದ್ರೆಯಲ್ಲಿದೆ. ಅಂದ ಮೇಲೆ ಬಲಬದಿಯ ಹುಟ್ಟಿನ ಕಾರಣ ಮುಗಿಯಿತು. ಆದರೂ ಬದಿ ಉಳಿಯಿತು, ಹೊಸ ಕಾರಣಗಳನ್ನು ಪಡೆಯಿತು.

ಮೊದಲನೆಯದು ಸಮುದ್ರದ ಸಂಚಾರ ನಿಯಮ. 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಾವಳಿಯಂತೆ, ಎರಡು ಯಂತ್ರಚಾಲಿತ ಹಡಗುಗಳ ದಾರಿಗಳು ಅಡ್ಡಹಾಯುವಾಗ ಯಾರ ಬಲಬದಿಯಲ್ಲಿ ಇನ್ನೊಂದು ಹಡಗಿದೆಯೋ ಅವರು ದಾರಿ ಬಿಡಬೇಕು. ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸುರು ದೀಪ. ಹೀಗಾಗಿ ನನ್ನ ಬಲದಿಂದ ಅಡ್ಡ ಬರುವ ಹಡಗಿನ ಕೆಂಪು ದೀಪ ನನಗೆ ಕಾಣುತ್ತದೆ. ನನ್ನ ಹಸುರು ದೀಪ ಆತನಿಗೆ ಕಾಣುತ್ತದೆ. ದಾರಿ ಬಿಡಬೇಕಾದವನು ಬಲಬದಿಯನ್ನು ಚೆನ್ನಾಗಿ ನೋಡಬೇಕು. ಚಾಲಕ ಬಲಕ್ಕೆ ಕುಳಿತರೆ ಆ ನೋಟಕ್ಕೆ ಅಡ್ಡಿಯಿಲ್ಲ. ಎರಡನೆಯದು ಪ್ರೊಪೆಲ್ಲರ್. ಒಂಟಿ ಯಂತ್ರದ ದೋಣಿಗಳಲ್ಲಿ ಅದು ಹಿಂದಿನಿಂದ ನೋಡಿದರೆ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದರ ಪ್ರತಿಕ್ರಿಯೆಯಿಂದ ದೋಣಿಯ ಒಡಲು ಎಡಕ್ಕೆ ವಾಲಲೆಳಸುತ್ತದೆ. ಬಲಕ್ಕೆ ಕುಳಿತ ಚಾಲಕನ ಭಾರ ಅದನ್ನು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ. ನ್ಯೂಟನ್ನನ ಈ ಮೂರನೆಯ ನಿಯಮವನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ, ಕನ್ನಡದಲ್ಲಿ. ದೊಡ್ಡ ಹಡಗುಗಳಲ್ಲಿ ಚಕ್ರ ನಡುವೆಯೇ ಇರುತ್ತದೆ. ಎಡಕ್ಕೆ ಚಕ್ರವಿರುವ ದೋಣಿಗಳೂ ಇಲ್ಲದಿಲ್ಲ. ಬಲಬದಿ ರೂಢಿಯೇ ಹೊರತು ಕಟ್ಟಳೆಯಲ್ಲ.

ಇಷ್ಟನ್ನೂ ನಾವಿಕ ಶಿಕ್ಷಣದಲ್ಲಿ ನಾನು ಓದಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವ ಪ್ರಸಂಗ ಮೊದಲು ಬಂದದ್ದು ನನ್ನ ತಂದೆಯವರ ಮುಂದೆ. ಅವರು ನಮ್ಮ ಊರಿನ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು, ಶಾಲೆಯ ಮೆಟ್ಟಲು ತುಳಿದವರಲ್ಲ. ಸೇತುವೆಯಾದ ಮೇಲೆ ಕಡವು ನಿಂತಿತು; ದೋಣಿ ತೆಂಗಿನ ಬುಡದಲ್ಲಿ ಕವುಚಿ ಬಿದ್ದಿತ್ತು. ರಜೆಯಲ್ಲಿ ಬಂದಿದ್ದ ನಾನು ಅದರ ಮೇಲೆ ಕುಳಿತು, ವೈಕಿಂಗರಿಂದ ತೊಡಗಿ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿ, "ಬಲಗೈಯವ ಹುಟ್ಟು ಬಲಕ್ಕೆ ಹಾಕುವುದಕ್ಕೆ ಪುಸ್ತಕ ಎಂತಕ್ಕೆ ಮಗಾ? ಆದರೆ ಆ ಕೆಂಪು ದೀಪದ ಸಂಗತಿ ಒಳ್ಳೆಯದು, ಅದನ್ನು ಇನ್ನೊಮ್ಮೆ ಹೇಳು" ಎಂದರು. ನಾನು ಇನ್ನೊಮ್ಮೆ ಹೇಳಿದೆ. ತಂದೆಯವರೊಡನೆ ನನ್ನ ಉದ್ಯೋಗದ ವಿಷಯವನ್ನು ಸಮಾನವಾಗಿ ಮಾತನಾಡಿದ್ದು ಅಂದೇ ಮೊದಲು. ನನಗೆ ಕನ್ನಡದ ಶಾಲೆ ಇಲ್ಲದೆ ಹೋಗಿದ್ದರೆ ಆ ಸಂಜೆ ನಮ್ಮಿಬ್ಬರಿಗೂ ಇರುತ್ತಿರಲಿಲ್ಲ.

1956ರಲ್ಲಿ ರಾಜ್ಯಗಳ ಗೆರೆ ಬದಲಾದಂದಿನಿಂದ ಈ ನೆಲದಲ್ಲಿ ಕನ್ನಡ ಓದಿದ ಮಗು ಮುಂದೆ ಏನಾದೀತೆಂಬ ಪ್ರಶ್ನೆಯನ್ನು ಹೆತ್ತವರು ಕೇಳುತ್ತಲೇ ಬಂದಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಕಡಲಿನ ನಿಯಮವೊಂದನ್ನು ಮಾತ್ರ ನಾನು ಮುಂದಿಡಬಲ್ಲೆ. ಮಲಕ್ಕಾ ಜಲಸಂಧಿಯ ರಾತ್ರಿ ಪಾಳಿಗಳಲ್ಲಿ ಬಲಕ್ಕೆ ಕೆಂಪು ಕಂಡಾಗ ನಾವು ದಾರಿ ಬಿಟ್ಟಿದ್ದೇವೆ. ನಮ್ಮ ಕೆಂಪನ್ನು ಕಂಡವರು ನಮಗೆ ಬಿಟ್ಟಿದ್ದಾರೆ. ಆ ಹಡಗುಗಳವರ ಭಾಷೆ ಯಾವುದೆಂದು ನಾವು ಅರಿತವರಲ್ಲ. ದಾರಿ ಬಿಡಬೇಕಾದವನು ಬಿಡುವುದು ಹೇಗೆ ಕರ್ತವ್ಯವೋ, ಇನ್ನೊಬ್ಬನು ತನ್ನ ಪಥವನ್ನೂ ವೇಗವನ್ನೂ ಬದಲಿಸದೆ ಸಾಗುವುದೂ ಹಾಗೆಯೇ ಕರ್ತವ್ಯ. ನಿಯಮಾವಳಿ ಎರಡನ್ನೂ ವಿಧಿಸುತ್ತದೆ. ಹಲವು ಭಾಷೆಗಳ ದಾರಿಗಳು ಅಡ್ಡಹಾಯುವ ನಮ್ಮ ಕಾಸರಗೋಡಿನಲ್ಲಿಯೂ ಈ ಎರಡೂ ಬೇಕು.

ಐವತ್ತು ವರ್ಷ ತನ್ನ ಪಥವನ್ನು ಬಿಡದೆ ಸಾಗಿದ ಈ ಶಾಲೆಗೂ, ಅದರ ಚುಕ್ಕಾಣಿ ಹಿಡಿದ ಗುರುವೃಂದಕ್ಕೂ ವಂದಿಸುತ್ತೇನೆ. ಇಂದಿನ ಮಕ್ಕಳು 'ಏಕೆ' ಎಂದು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಕನ್ನಡದಲ್ಲಿಯೇ ಉತ್ತರ ದೊರೆಯುತ್ತಿರಲಿ, ಆ ಉತ್ತರವನ್ನು ಅವರು ಮನೆಗೆ ಕೊಂಡೊಯ್ದು ಹಿರಿಯರಿಗೂ ಹೇಳುವಂತಾಗಲಿ ಎಂದು ಹಾರೈಸುತ್ತೇನೆ.