ಕಲಬುರಗಿಯ ಬಿಸಿಲು

ಚೈತ್ರ ಕಾಲಿಡುವ ಮೊದಲೇ ಕಲಬುರಗಿಯಲ್ಲಿ ಬೇಸಿಗೆ ಬಿಡಾರ ಹೂಡಿರುತ್ತದೆ. ರೈಲಿನಿಂದಿಳಿದ ಪ್ರವಾಸಿಗನನ್ನು ಮೊದಲು ಎದುರುಗೊಳ್ಳುವುದು ಬಿಸಿಗಾಳಿ. ನಡುಹಗಲಿಗೆ ಬೀದಿಗಳು ಬರಿದಾಗುತ್ತವೆ. ಊರಾಚೆಯ ಎರೆಭೂಮಿ ತೊಗರಿಯ ಕೊಯ್ಲು ಮುಗಿಸಿ, ಬಿರುಕುಬಿಟ್ಟು ಮಳೆಯ ದಾರಿ ಕಾಯುತ್ತಿರುತ್ತದೆ.

ಈ ಸೀಮೆಯ ಜನ ಬಿಸಿಲಿನೊಡನೆ ಬಾಳುವ ಬಗೆಯನ್ನು ತಲೆತಲಾಂತರದಿಂದ ಬಲ್ಲರು. ಹಳೆಯ ಮನೆಗಳ ದಪ್ಪ ಗೋಡೆ, ಮಣ್ಣಿನ ಮಾಳಿಗೆಗಳು ಹಗಲಿನ ಕಾವನ್ನು ಹೊರಗೇ ತಡೆಯುತ್ತವೆ. ಕಾಲಡಿಯ ಶಹಾಬಾದಿ ಫರಸಿ ತಂಪೆರೆಯುತ್ತದೆ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಈ ಊರಿನ ಕೋಟೆಯೊಳಗಿನ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಹೊದಿಕೆಯಿದೆ. ಅದರ ಕಮಾನುಗಳ ನಡುವೆ ನಿಂತವನಿಗೆ ಹೊರಗಿನ ಧಗೆ ಬೇರೊಂದು ಊರಿನದೆಂಬಂತೆ ತೋರುತ್ತದೆ.

ಸರಕಾರವೂ ಸೂರ್ಯನಿಗೆ ಮಣಿದಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ವಿಭಾಗದ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ವಾಡಿಕೆಯುಂಟು. ಆದರೆ ಬಿಸಿಲು ಆಜ್ಞಾಪತ್ರಕ್ಕಾಗಿ ಕಾಯುವುದಿಲ್ಲ. 2022ರಲ್ಲಿ ಮಾರ್ಚ್ ತಿಂಗಳೇ ದೇಶವನ್ನು ಬೇಯಿಸಿತು. ಆ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ 33.10 ಡಿಗ್ರಿ ಸೆಲ್ಸಿಯಸ್. 1901ರಿಂದೀಚಿನ ಯಾವ ಮಾರ್ಚ್ ತಿಂಗಳೂ ಅಷ್ಟು ಕಾದಿರಲಿಲ್ಲ.

ಆಜ್ಞೆ ಬಂದರೂ ಅದು ಎಲ್ಲರನ್ನೂ ಮುಟ್ಟುವುದಿಲ್ಲ. ಗುಮಾಸ್ತ ಮನೆಗೆ ಮರಳಿ ಉಣ್ಣಲು ಕೂಡುವ ಹೊತ್ತಿಗೆ ಹಮಾಲನ ಬೆನ್ನಿನ ಚೀಲ ಇನ್ನೂ ಇಳಿದಿರುವುದಿಲ್ಲ. ಶಹಾಬಾದದ ಗಣಿಯಲ್ಲಿ ಫರಸಿ ಸೀಳುವವನಿಗೆ ತಲೆಯ ಮೇಲೂ ಕೆಂಡ, ಕಾಲ ಕೆಳಗೂ ಕೆಂಡ. ಕೆಲಸ ಬಿಟ್ಟರೆ ಕೂಲಿಯಿಲ್ಲ. ಕೂಲಿಯಿಲ್ಲದಿದ್ದರೆ ಒಲೆ ಹೊತ್ತದು. ಅನ್ಯರ ಮನೆಗೆ ತಂಪು ನೆಲವನ್ನು ಕಡಿದುಕೊಟ್ಟವನು ತಗಡಿನ ಸೂರಿನಡಿಗೆ ಮರಳಿದರೆ, ಅಲ್ಲಿ ಇರುಳಿನಲ್ಲಿಯೂ ನೆಮ್ಮದಿಯ ನಿದ್ರೆಯಿಲ್ಲ.

ಬೆವರು ಆರಿದರೆ ಮೈ ತಂಪಾಗುತ್ತದೆ. ಬೆವರಿನೊಡನೆ ಹರಿದುಹೋದ ನೀರು, ಉಪ್ಪುಗಳು ಮತ್ತೆ ಮೈ ಸೇರಬೇಕು. ಮಜ್ಜಿಗೆಗೆ ಉಪ್ಪು ಬೆರೆಸುವ ಅಜ್ಜಿ ಈ ಶಾಸ್ತ್ರವನ್ನು ಓದದೆಯೇ ಅರಿತವಳು. ಬೀದಿಯ ತಿರುವಿನ ಅರವಟ್ಟಿಗೆಯಲ್ಲಿ ಆಕೆ ಒದ್ದೆ ಬಟ್ಟೆ ಸುತ್ತಿದ ಗಡಿಗೆಯ ಮುಂದೆ ಕುಳಿತಿರುತ್ತಾಳೆ. ಏದುಸಿರು ಬಿಡುತ್ತ ಬಂದ ಹಮಾಲನಿಗೆ, "ಕುಂದ್ರಪ್ಪಾ, ಸಾವಕಾಶ ಕುಡಿ," ಎನ್ನುತ್ತಾಳೆ. ಅವನು ಕುಳಿತು ಎರಡು ಲೋಟ ಕುಡಿದು, ರುಮಾಲನ್ನು ಬಿಗಿದು ಮತ್ತೆ ಬಿಸಿಲಿಗಿಳಿಯುತ್ತಾನೆ. ಬೇಸಿಗೆ ಕಳೆದು ಮಳೆಯ ಮೊದಲ ಹನಿ ಬೀಳುವವರೆಗೂ ಅವನಿಗೆ ದಿನದ ವಿರಾಮವೆಂದರೆ ಆ ಎರಡು ಲೋಟಗಳಷ್ಟೇ.