ಖಾರ ಬೇರೆ, ಸಾರು ಬೇರೆ

ರಾಮನಗರದ ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ಕಾಲೇಜು ಹುಡುಗನೊಬ್ಬ ಇಡ್ಲಿ ತಟ್ಟೆಯ ಮುಂದೆ ಕಣ್ಣೀರು ಒರೆಸಿಕೊಳ್ಳುತ್ತ ಕೂತಿದ್ದ. "ಏನಪ್ಪಾ, ಚಟ್ನಿ ಖಾರ ಆಯ್ತಾ?" ಎಂದು ಗಲ್ಲಾದಲ್ಲಿದ್ದವರು ಕೇಳಿದರೆ ಮಾತಾಡದೆ ನಾಲಿಗೆ ಚಾಚಿದ. ನಡುವೆ ಹೊಳೆಯುವ ಸ್ಟಡ್ಡು. ಚುಚ್ಚಿಸಿ ಎರಡೇ ದಿನ. ಪಕ್ಕದ ಮೇಜಿನ ಹಿರಿಯರೊಬ್ಬರು "ಈಗಿನ ಹುಡುಗರಿಗೆ ಬುದ್ಧಿ ಇಲ್ಲ" ಎಂದು ಗೊಣಗಿದರು.

ಬುದ್ಧಿಯ ಮಾತು ಇರಲಿ, ಬಾಯಿಗೆ ಲೋಹ ಚುಚ್ಚಿಸಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಹಳೆ ಮೈಸೂರು ಕಡೆಯ ಮಾರಮ್ಮನ ಹಬ್ಬಗಳಲ್ಲಿ ಹರಕೆ ಹೊತ್ತವರು ಬಾಯಿಬೀಗ ಹಾಕಿಸಿಕೊಳ್ಳುತ್ತಾರೆ. ಸರಳು ಸಾಮಾನ್ಯವಾಗಿ ಕೆನ್ನೆಯಿಂದ ಕೆನ್ನೆಗೆ, ಕೆಲವೆಡೆ ನಾಲಿಗೆಗೂ. ಬೀಗ ತೆಗೆಯುವವರೆಗೆ ಮಾತಿಲ್ಲ, ಊಟವಿಲ್ಲ. ಆದರೆ ಅದು ಅಂದೇ ಕಳಚುವ ಸರಳು. ಹುಡುಗನ ಸ್ಟಡ್ಡು ಅಲ್ಲೇ ಉಳಿಯುವಂಥದ್ದು, ಗಾಯ ಮಾಯಲು ನಾಲ್ಕರಿಂದ ಆರು ವಾರ ಬೇಕು.

ಎಲ್ಲರೂ ಹೇಳುವ ಮಾತು ಬೇಗ ಮುಗಿಯುತ್ತದೆ: ಮೊದಲ ಮೂರರಿಂದ ಐದು ದಿನ ಊತ ಹೆಚ್ಚು, ತಣ್ಣಗಿನ ಮೆತ್ತನೆಯ ಆಹಾರವೇ ಆಗಬೇಕು, ಬಿಸಿ, ಖಾರ, ಹುಳಿ, ಮದ್ಯ, ಸಿಗರೇಟು, ಎಲೆಅಡಿಕೆ ಬೇಡ, ಉಂಡ ಮೇಲೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಉಸಿರಿಗೋ ನುಂಗುವುದಕ್ಕೋ ಕಷ್ಟವಾದರೆ, ಜ್ವರ ಬಂದರೆ, ಕೀವು ಕಂಡರೆ ಅಡುಗೆಮನೆ ಬಿಟ್ಟು ಆಸ್ಪತ್ರೆಗೆ ಓಡಬೇಕು.

ಇಷ್ಟಕ್ಕೆ ಐಸ್‌ಕ್ರೀಮು, ಮಿಲ್ಕ್‌ಶೇಕು ಎಂದು ಊರೆಲ್ಲ ಹುಡುಕುವುದೇಕೆ? ಮಾಗಡಿ, ಕನಕಪುರ, ಚನ್ನಪಟ್ಟಣದ ಮನೆಗಳಲ್ಲಿ ಉಪ್ಸಾರು ಇದೆ. ಕಾಳು, ಸೊಪ್ಪು ಉಪ್ಪು ಹಾಕಿ ಬೇಯಿಸಿ ಬಸಿದ ಕಟ್ಟು ಅದು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ರುಬ್ಬಿದ ಖಾರವನ್ನು ಸಾರಿಗೆ ಹಾಕುವುದಿಲ್ಲ. ತಟ್ಟೆಯ ಅಂಚಿಗೆ ಚೂರು ಬಡಿಸುತ್ತಾರೆ, ಬೇಕಾದವರು ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಒಂದೇ ಒಲೆಯ ಅಡುಗೆಯಲ್ಲಿ ಕೂಸಿಗೂ ಬಾಣಂತಿಗೂ ನಾಲಿಗೆ ಹುಣ್ಣಾದವರಿಗೂ ಪಾಲು ಇಟ್ಟ ಜಾಣತನ ಇದು. ಹುಡುಗ ಮಾಡಬೇಕಾದ್ದು ಇಷ್ಟೇ: ಕಟ್ಟು ಆರಲು ಬಿಡುವುದು, ಖಾರದ ಕಡೆ ನೋಡದಿರುವುದು.

ಜೊತೆಗೆ ಮುದ್ದೆ. ಅಗಿಯದೆ ನುಂಗುವ ಊಟ ಗಾಯದ ನಾಲಿಗೆಗೆ ಹೇಳಿ ಮಾಡಿಸಿದಂತಿದೆ. ಆದರೆ ಊತವಿರುವಾಗ ತುತ್ತು ಗಂಟಲಲ್ಲಿ ನಿಲ್ಲಬಹುದು, ಸ್ಟಡ್ಡಿಗೂ ಮೆತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ಅಂಬಲಿ. ರಾಗಿಹಿಟ್ಟನ್ನು ಗಂಟಿಲ್ಲದಂತೆ ನೀರಿಗೆ ಕದಡಿ, ಹಸಿವಾಸನೆ ಹೋಗಿ ಮೇಲೆ ಹೊಳಪು ಬರುವವರೆಗೆ ಕಾಯಿಸಿ, ಆರಿಸಿ, ಹುಳಿಯಾಗದ ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು. ಈರುಳ್ಳಿ, ಹಸಿಮೆಣಸಿನಕಾಯಿ ಮುಂದಿನ ತಿಂಗಳಿಗೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ.

ಅಕ್ಕಿಯ ಜೊತೆ ಹೋಲಿಸಿದ ಮೇಲೆ ಕನಕದಾಸರ 'ರಾಮಧಾನ್ಯ ಚರಿತೆ' ನೆನಪಾಗದೆ ಇರದು. ಅದರಲ್ಲಿ ಅಕ್ಕಿಗೂ ರಾಗಿಗೂ ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕುತ್ತಾನೆ. ಅಕ್ಕಿ ಕಂಗೆಟ್ಟಿತು, ರಾಗಿ ಗಟ್ಟಿಯಾಗಿ ಉಳಿಯಿತು, ರಾಘವನ ಹೆಸರನ್ನೂ ಪಡೆಯಿತು. ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಕೂಡಿಟ್ಟ ರೈತರಿಗೆ ಆ ತೀರ್ಪು ಕಟ್ಟುಕತೆಯಲ್ಲ.

ರಾಮನ ಹೆಸರು ಈ ಊರಿಗೂ ತಡವಾಗಿಯೇ ಬಂತು. ಮೊದಲು ಇದು ಕ್ಲೋಸ್‌ಪೇಟೆ, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನದು. ಇಲ್ಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ಇವತ್ತಿಗೂ ಅವನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಆ ಬಂಡೆ ಸವೆದು ಆದ ಕೆಂಪು ನೆಲದಲ್ಲೇ ಮಾಗಡಿಯ ರಾಗಿ ತೆನೆ ಬಿಡುತ್ತದೆ.

ಹುಡುಗ ಇಡ್ಲಿ ಬಿಟ್ಟೆದ್ದ. ಮನೆಯಲ್ಲಿ ಬೈಗುಳ ಕಾದಿರುವುದು ಖಂಡಿತ. ತಾಯಂದಿರೇ, ಬೈಯುವುದಿದ್ದರೆ ಬೈಯಿರಿ, ಅದಕ್ಕೆ ಮೊದಲು ಒಂದು ಲೋಟ ತಣ್ಣನೆಯ ಅಂಬಲಿ ಕೊಡಿ.